ಆಮದಾರರು ಇಳಿದ ಬಾವಿ

ನನ್ನ ಮೊಮ್ಮಗಳು ಪೂಜಾ ಹತ್ತನೆಯತ್ತೆ ಪಾಸಾಗಿದ್ದಾಳೆ! ಅದೂ ನಮ್ಮ ಊರಿನ ಹೈಸ್ಕೂಲಿನಲ್ಲೇ ಕಲಿತು, ಊರಿನ ಸೀಮೆ ದಾಟಿ ಒಂದು ಹೆಜ್ಜೆ ಆಚೆ ಇಡದೆ. ಈ ಹೈಸ್ಕೂಲಿನಿಂದ ಹತ್ತು ಮುಗಿಸಿ ಹೊರಬಂದ ಮೊದಲ ತಂಡವೇ ಇವಳದು. ಮುಂಜಾನೆ ಮೊಬೈಲಿನಲ್ಲಿ ರಿಸಲ್ಟ್ ನೋಡಿ ಅವಳು "ಆಯೀ!" ಎಂದು ಕಿರುಚಿದಾಗ ನಾನು ಎಮ್ಮೆಗೆ ಹಿಂಡಿ ಕಲಸುತ್ತಿದ್ದೆ. ಹಿಂಡಿಯ ಕೈಯಲ್ಲೇ ಅವಳ ಗಲ್ಲ ಹಿಡಿದುಬಿಟ್ಟೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಮುಖದ ತುಂಬ ಹಿಂಡಿ.

ಆಮೇಲೆ ಪೇಢೆಯ ಪೆಟ್ಟಿಗೆ ಹಿಡಿದು ಓಣಿ ತುಂಬ ತಿರುಗಿದೆ. "ಆಯಿ, ನಮಗ ಆಗಲೇ ಕೊಟ್ಟೀರಿ" ಎಂದರೆ "ಇನ್ನೊಂದ ತಿನ್ನ ಬೇ, ಬಾಯಿ ಸವೀತೈತೇನ?" ಎಂದು ತುರುಕಿದೆ. ಹೀಗೆ ಕೊಡುತ್ತ ಕೊಡುತ್ತ ಓಣಿಯ ಕಡೆಯ ಮನೆಗೆ ಹೋಗಿ ನಿಂತು, "ಧರೆಪ್ಪಾ!" ಎಂದು ಕರೆದೂ ಕರೆದೆ. ಒಳಗಿನಿಂದ ಅವನ ಸೊಸೆ ಬಂದು ನನ್ನ ಮುಖ ನೋಡಿದಳು. ಆಗ ನೆನಪಾಯಿತು, ಅವನಿಲ್ಲವೆಂದು. ಅವನು ಹೋಗಿ ಆರು ವರ್ಷವಾಯಿತು.

ನಾನು ಕಲಿತದ್ದು ನಾಲ್ಕನೆಯತ್ತೆ. ನನ್ನ ಅಕ್ಷರ ಸಾಲುಬಿಟ್ಟು ಓಡುವ ಇರುವೆಗಳ ಹಾಗೆ. ಆದರೂ ಧರೆಪ್ಪನ ಬಗ್ಗೆ ಇವತ್ತು ಬರೆಯದಿದ್ದರೆ ಈ ಪೇಢೆ ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ.

ಧರೆಪ್ಪ ಯಾರ ಜೊತೆ ಮಾತಾಡಿದರೂ ಮೇಲೆ ನೋಡುತ್ತಿದ್ದ. ಎದುರಿಗಿದ್ದವರು ಅವನಿಗಿಂತ ಗಿಡ್ಡ ಇರಲಿ, ನೆಲದ ಮೇಲೆ ಕುಂತಿರಲಿ, ಅವನು ಕತ್ತು ಎತ್ತಿ ಆಕಾಶಕ್ಕೆ ಹೇಳುವವನ ಹಾಗೆ ಹೇಳುತ್ತಿದ್ದ. ಅದೂ ಒಂದೊಂದೇ ಶಬ್ದ, ಜೋರಾಗಿ, ನಡುವೆ ನಿಲ್ಲಿಸಿ. ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. "ವೈನಿ... ಚಹಾ... ಐತೇನ್ರಿ?" ಹೊಸಬರು ಅವನಿಗೆ ಕಿವಿ ಕೇಳುವುದಿಲ್ಲ ಎಂದುಕೊಳ್ಳುತ್ತಿದ್ದರು. ಕಿವಿ ಚೆನ್ನಾಗಿಯೇ ಇತ್ತು. ಅವನು ಬಾವಿಯ ಮನುಷ್ಯ. ಬಾವಿ ತೋಡುವುದು, ಹೂಳು ತೆಗೆಯುವುದು, ಬಿದ್ದ ಕೊಡ, ಬಿದ್ದ ಮೋಟರು ಮೇಲೆತ್ತುವುದು. ಹುಡುಗನಿದ್ದಾಗಿನಿಂದ ತಳದಲ್ಲಿ ನಿಂತು ಮೇಲಿನವರಿಗೆ ಕೂಗಿ ಕೂಗಿ ಅವನ ಮಾತೇ ಹಾಗಾಗಿತ್ತು.

"ತಳದಾಗ ಇದ್ದವ ಒಂದೊಂದ ಶಬ್ದ ಒಗೀಬೇಕ್ರಿ ವೈನಿ" ಎನ್ನುತ್ತಿದ್ದ. "ಎರಡ ಕೂಡ್ಸಿ ಒಗದ್ರ ಗ್ವಾಡಿಗೆ ಬಡದು ಒಡೀತಾವ. ಮ್ಯಾಲಿನಾಂವಗ ಏನೂ ತಿಳಿಯಂಗಿಲ್ಲ."

ಮೇಲೆ ಹಗ್ಗ ಹಿಡಿಯುತ್ತಿದ್ದವರು ನಮ್ಮ ಮನೆಯವರು. ರಾಯಬಾಗ, ಅಥಣಿ, ಕಾಗವಾಡ, ಹೊಳೆಯ ದಂಡೆಯ ಎಷ್ಟು ಊರುಗಳ ಬಾವಿಗೆ ಇವರಿಬ್ಬರೂ ಹೋಗಿದ್ದರೋ ಲೆಕ್ಕವಿಲ್ಲ. ನಮ್ಮ ಮನೆಯವರು ತೀರಿಕೊಂಡ ಮೇಲೆ ಧರೆಪ್ಪನಿಗೆ ಒಂದು ಮಾತು ಅಂಟಿಕೊಂಡಿತು. ಯಾರ ಮದುವೆ ಗೊತ್ತಾಗಲಿ, ಯಾರು ನೌಕರಿಗೆ ಸೇರಲಿ, ಅವನು ಕೇಳುತ್ತಿದ್ದದ್ದು ಒಂದೇ: "ಹಗ್ಗ ಯಾರ ಕೈಯಾಗೈತಿ?"

ಇನ್ನೊಂದು ಕಟ್ಟಳೆ ಇತ್ತು ಅವನದು. ಬಾವಿಯ ಕೆಲಸದಲ್ಲಿ ಕಡೆಯ ಮನುಷ್ಯ ಮೇಲೆ ಬರುವ ತನಕ ಯಾರೂ ಬುತ್ತಿ ಬಿಚ್ಚುವಂತಿಲ್ಲ. ಹೊಟ್ಟೆ ಎಷ್ಟೇ ಹಸಿದಿರಲಿ, ಮಾಲೀಕ ಎಷ್ಟೇ ಒತ್ತಾಯ ಮಾಡಲಿ. ಒಮ್ಮೆ ಒಬ್ಬ ಆಳು ತಾಳದೆ ರೊಟ್ಟಿ ಮುರಿದನೆಂದು ಧರೆಪ್ಪ ತಳದಿಂದ ಬಂದವನೇ ಅವನ ಬುತ್ತಿ ಎತ್ತಿ ಬಾವಿಗೆ ಒಗೆದಿದ್ದನಂತೆ. ಆಮೇಲೆ ತನ್ನ ಬುತ್ತಿಯನ್ನೇ ಅವನಿಗೆ ಕೊಟ್ಟು ತಾನು ಹಸಿದು ಕುಂತನಂತೆ.

ಇಂಥ ಮನುಷ್ಯ ಆಮದಾರರನ್ನು ನಂಬಿ ಕೆಟ್ಟ. ನಮ್ಮ ಕಡೆ ಶಾಸಕರಿಗೆ ಆಮದಾರರು ಎನ್ನುತ್ತೇವೆ. ನಂಬಿದ್ದು ಅವರ ಭಾಷಣಕ್ಕಲ್ಲ, ಕೈ ಮುಗಿದದ್ದಕ್ಕಲ್ಲ. ಒಂದು ಶಬ್ದಕ್ಕೆ.

ಆಗ ನನ್ನ ಹಿರಿಯ ಮೊಮ್ಮಗಳು ಸವಿತಾ, ಪೂಜಾಳ ಅಕ್ಕ, ಏಳನೆಯತ್ತೆ ಮುಗಿಸಿದ್ದಳು. ಗಣಿತಕ್ಕೆ ತೊಂಬತ್ತಾರು. ಊರಿನ ಸಾಲಿ ಏಳರ ತನಕವೇ. ಎಂಟನೆಯದಕ್ಕೆ ಪಕ್ಕದ ಊರಿಗೆ ನಡೆಯಬೇಕು, ಒಂದು ತಾಸಿನ ದಾರಿ, ಎರಡೂ ಕಡೆ ಕಬ್ಬು. ಕಬ್ಬು ಮೊಣಕಾಲಿನಷ್ಟಿದ್ದಾಗ ಏನೂ ಅನಿಸುವುದಿಲ್ಲ. ತಲೆ ಮೀರಿ ಬೆಳೆದ ಮೇಲೆ ಆ ದಾರಿ ಹಗಲಿನಲ್ಲೂ ಕತ್ತಲೆ. ಒಳಗೆ ಯಾರಿದ್ದಾರೆ, ಏನಿದೆ, ಕಾಣುವುದಿಲ್ಲ. ಒಮ್ಮೆ ಒಂದು ಹುಡುಗಿ ಹೆದರಿ ಓಡಿ ಬಂದಳೆಂದರೆ ಸಾಕು, ಊರಿನ ಎಲ್ಲ ಹುಡುಗಿಯರ ಪಾಟಿಚೀಲ ಗೂಟಕ್ಕೆ ಬೀಳುತ್ತಿತ್ತು. ಹೀಗೆಯೇ ನಮ್ಮ ಊರಿನ ಹೆಣ್ಣುಮಕ್ಕಳೆಲ್ಲ ಏಳನೆಯತ್ತೆಗೆ ನಿಂತದ್ದು.

ನನ್ನ ಮಗ "ಸಾಕು, ಬಿಡಸ್ತೀನಿ" ಎಂದ. ಧರೆಪ್ಪ ಅಂಗಳದಲ್ಲಿ ನಿಂತು ಮೇಲೆ ನೋಡಿ ಹೇಳಿದ: "ನಾ... ಕರಕೊಂಡ... ಹೋಕ್ಕೀನಿ."

ಹೋದ. ಜೂನಿನಿಂದ ದಿನಾಲು ಮೂರು ಹುಡುಗಿಯರನ್ನು ಮುಂದಿಟ್ಟುಕೊಂಡು, ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು. "ಹಗ್ಗ ಯಾಕ ಕಾಕಾ?" ಎಂದು ಸವಿತಾ ಕೇಳಿದರೆ "ಇರ್ಲಿ ತಗಿ. ಅದಿಲ್ದ ನಡದ್ರ ಒಂದ ಹೆಗಲ ಹಗರ ಆಕ್ಕೈತಿ, ವಾಲತೀನಿ" ಎನ್ನುತ್ತಿದ್ದ. ಅವರು ಸಾಲಿಯಲ್ಲಿದ್ದಷ್ಟು ಹೊತ್ತು ಆ ಊರಿನಲ್ಲೇ ಏನಾದರೂ ಸಣ್ಣ ಕೆಲಸ ನೋಡಿಕೊಳ್ಳುತ್ತಿದ್ದ.

ಅದೇ ಮಳೆಗಾಲದಲ್ಲಿ ಒಂದು ದಿನ ಚಹಾದ ಅಂಗಡಿಯಿಂದ ಅವನು ಓಡಿ ಬಂದ.

"ವೈನಿ! ಆಮದಾರ್ರು... ಬಾವಿಗೆ... ಇಳದಾರ!"

"ಅಯ್ಯ, ಯಾಕೋ? ಏನ ಬಿದ್ದಿತ್ತ?" ಎಂದೆ. ನಾನೂ ತಿಳಿಯದವಳೇ.

"ಏನೂ ಬಿದ್ದಿಲ್ರಿ. ಬೆಂಗಳೂರಾಗ ವಿಧಾನಸಭಾ ನಡದೈತಲ್ಲ, ಅಲ್ಲಿ ಬಾವಿಗೆ ಇಳದಾರಂತ. ಮಂದಿ ಸಲುವಾಗಿ. ನ್ಯಾಯ ಸಿಗೂತನಕ ಮ್ಯಾಲ ಬರಾಂಗಿಲ್ಲಂತ ಕುಂತಾರ. ಟಿವ್ಯಾಗ ಹೇಳ್ಯಾರ."

"ಬಿಳೇ ಅಂಗಿ ಮ್ಯಾಲ?"

"ಬಿಳೇ ಅಂಗಿ ಮ್ಯಾಲ!"

ಸವಿತಾ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ, "ಕಾಕಾ, ಅದು ಬರೇ ಹಂಗ ಅಂತಾರ ಕಾಣತೈತಿ. ಖರೇ ಬಾವಿ ಇರಾಕಿಲ್ಲ" ಎಂದಳು.

"ಹುಚ್ಚಿ! ಇಲ್ಲದ ಬಾವೀನ ಐತಿ ಅಂತ ಯಾರರೆ ಹೇಳತಾರ?" ಎಂದ. "ಆದ್ರ ಹಗ್ಗ ಯಾರ ಕೈಯಾಗೈತೋ ಏನೋ. ಟಿವ್ಯಾಗ ಅದನ್ನ ಹೇಳಲಿಲ್ಲ ನೋಡ್ರಿ."

ಸದನದ ನಡುವೆ, ಸಭಾಧ್ಯಕ್ಷರ ಪೀಠದ ಮುಂದಿನ ಖಾಲಿ ಜಾಗಕ್ಕೆ ಬಾವಿ ಎನ್ನುತ್ತಾರೆಂದು ನಮ್ಮ ಓಣಿಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಿಬ್ಬರು ನಕ್ಕು ಸುಮ್ಮನಿದ್ದರು. ಧರೆಪ್ಪನ ತಲೆಯಲ್ಲಿ ಮಾತ್ರ ಒಂದು ಚಿತ್ರ ಕುಂತುಬಿಟ್ಟಿತು: ಬಿಳಿ ಅಂಗಿಯ ದೊಡ್ಡ ಮನುಷ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಮಗಾಗಿ ಕತ್ತಲೆಗೆ ಇಳಿಯುತ್ತಿದ್ದಾನೆ. ಬಾವಿಗೆ ಇಳಿಯುವವನು ಸುಳ್ಳು ಹೇಳುವುದಿಲ್ಲ ಎನ್ನುವುದು ಅವನ ನಂಬಿಕೆ. ತಳದಲ್ಲಿ ನಿಂತು ಸುಳ್ಳು ಹೇಳಿದರೆ ಸಾಯುವವನು ತಾನೇ ಅಲ್ಲವೇ?

ಎಂಟು ದಿನ ಕುಂತು ಪುಂಡಿಯ ನಾರಿನಿಂದ ಹೊಸ ಹಗ್ಗ ಹೊಸೆದ. ಅಂಥ ಹಗ್ಗವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಹುಡುಗಿಯ ಜಡೆಯ ಹಾಗೆ ಮಿರುಗುತ್ತಿತ್ತು. ಅದನ್ನು ತೆಗೆದುಕೊಂಡು, ಸವಿತಾಳ ಕೈಯಲ್ಲಿ ಬರೆಸಿದ ಅರ್ಜಿಯನ್ನು ಕಿಸೆಯಲ್ಲಿಟ್ಟುಕೊಂಡು ತಾಲೂಕಿನ ಊರಿಗೆ ಆಮದಾರರ ಮನೆಗೆ ಹೋದ. ಜೊತೆಗೆ ನಾನೂ ಹೋಗಿದ್ದೆ. ಊರಿಗೊಂದು ಹೈಸ್ಕೂಲು ಬೇಕು ಎಂದು ಅರ್ಜಿ. ಹಗ್ಗ ಯಾಕೆಂದು ಅಲ್ಲಿಯ ಮಂದಿ ಕೇಳಿದರು.

"ಸಾಹೇಬ್ರ, ಇನ್ನೊಮ್ಮೆ ಬಾವಿಗೆ ಇಳಿಯೂಮುಂದ ಇದನ್ನ ಕಟಗೊಳ್ರಿ. ಸೊಂಟಕ್ಕ ಎರಡ ಸುತ್ತ, ಹೆಗಲ ಮ್ಯಾಲ ಒಂದ. ನಂಬಿಗಸ್ತರ ಕೈಯಾಗ ಕೊಟ್ಟ ಇಳೀರಿ" ಎಂದ ಧರೆಪ್ಪ, ಮೇಲೆ ನೋಡುತ್ತ.

ಕುಂತವರೆಲ್ಲ ಮುಖ ಮುಖ ನೋಡಿಕೊಂಡರು. ಒಬ್ಬ ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಹೋದ. ಆಮದಾರರು ಮಾತ್ರ ನಗಲಿಲ್ಲ. ಎದ್ದು ಬಂದು ಎರಡೂ ಕೈಯಲ್ಲಿ ಹಗ್ಗ ತೆಗೆದುಕೊಂಡರು, ಫೋಟೊ ತೆಗೆಸಿಕೊಂಡರು. "ಧರೆಪ್ಪಾ, ಈ ಹಗ್ಗದ ಆಣಿ, ಮುಂದಿನ ಅಧಿವೇಶನದಾಗ ನಿಮ್ಮ ಸಾಲಿ ಪ್ರಶ್ನೆ ಕೇಳತೀನಿ. ಚುಕ್ಕಿ ಹಚ್ಚಿ ಕೇಳತೀನಿ" ಎಂದರು.

ಅವತ್ತೇ ಒಂದು ಮಾತು ಹೇಳಬಹುದಿತ್ತು ಅವರು: ತಮ್ಮಾ, ಅಲ್ಲಿ ಬಾವಿ ಇಲ್ಲ. ಹೇಳಲಿಲ್ಲ. ಅವರನ್ನು ನಾನು ಇವತ್ತಿಗೂ ಕ್ಷಮಿಸದಿರುವುದು ಅದಕ್ಕೆ, ಸಾಲಿಗಲ್ಲ.

ದೀಪಾವಳಿಯ ಹೊತ್ತಿಗೆ ಧರೆಪ್ಪ ಒಂದು ಹಳೆಯ ಬಾವಿಯಲ್ಲಿ ಜಾರಿ ಮೊಣಕಾಲು ಮುರಿದುಕೊಂಡ. ಕಬ್ಬು ಆಗ ತಲೆಯ ಮೇಲಿತ್ತು. ಹುಡುಗಿಯರನ್ನು ಕರೆದೊಯ್ಯುವವರು ಯಾರೂ ಇಲ್ಲ. ಸವಿತಾಳ ಪಾಟಿಚೀಲ ಗೂಟಕ್ಕೆ ಬಿತ್ತು. "ಸಾಲಿ ಊರಿಗೇ ಬರತೈತಿ. ಅಲ್ಲೀಮಟ ಪುಸ್ತಕ ಮರೀಬ್ಯಾಡ" ಎಂದು ಹಾಸಿಗೆಯಿಂದಲೇ ಕೂಗುತ್ತಿದ್ದ. ಅವಳು ಮರೆಯಲಿಲ್ಲ. ಒಲೆಯ ಮುಂದೆ ಕುಂತು ಲೆಕ್ಕ ಬಿಡಿಸುತ್ತಿದ್ದಳು, ಇದ್ದಿಲಿನಿಂದ, ನೆಲದ ಮೇಲೆ.

ಮುಂದೆ ಅಧಿವೇಶನ ಬೆಂಗಳೂರು ಬಿಟ್ಟು ಬೆಳಗಾವಿಯಲ್ಲಿ ಸೇರಿತು. ಆಮದಾರರ ಕಚೇರಿಯಿಂದ ಒಂದು ದಿನ ಹೇಳಿಕಳಿಸಿದರು: ನಿಮ್ಮ ಪ್ರಶ್ನೆಗೆ ಚುಕ್ಕಿ ಬಿದ್ದಿದೆ, ನೋಡಲು ಬರುವುದಾದರೆ ಪಾಸು ಕೊಡಿಸುತ್ತೇವೆ ಎಂದು. ಚುಕ್ಕಿ ಬಿದ್ದ ಪ್ರಶ್ನೆ ಎಂದರೆ ಮಂತ್ರಿ ಎದ್ದು ನಿಂತು ಬಾಯಿಂದಲೇ ಉತ್ತರ ಕೊಡಬೇಕಂತೆ. ಧರೆಪ್ಪ, ನಾನು, ಸವಿತಾ ಮೂವರೂ ನಸುಕಿನ ಬಸ್ಸು ಹಿಡಿದು ಚಿಕ್ಕೋಡಿಗೆ ಹೋಗಿ ಅಲ್ಲಿಂದ ಬೆಳಗಾವಿಗೆ ಹೋದೆವು. ಬುತ್ತಿಯಲ್ಲಿ ರೊಟ್ಟಿ, ಝುಣಕ, ಹಸಿಮೆಣಸಿನಕಾಯಿಯ ಖಾರ. ಸವಿತಾ ಹೊಸ ಲಂಗ ಹಾಕಿಕೊಂಡಿದ್ದಳು. ಅವತ್ತು ಮಂತ್ರಿ "ಆಗಲಿ" ಎಂದರೆ ಬರುವ ಜೂನಿಗೆ ಅವಳು ಮತ್ತೆ ಸಾಲಿಗೆ. ಅಷ್ಟೇ ನಮಗೆ ಬೇಕಾದದ್ದು.

ನಮ್ಮನ್ನು ಮೇಲಿನ ಗ್ಯಾಲರಿಯಲ್ಲಿ ಕೂಡಿಸಿದರು. ಸದ್ದು ಮಾಡಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಹೇಳಿದರು. ಧರೆಪ್ಪ ಕಟಾಂಜನದಿಂದ ಬಗ್ಗಿ ಕೆಳಗೆ ನೋಡುತ್ತಲೇ ಇದ್ದ.

"ಬಾವಿ ಎಲ್ಲೈತಿ?" ಎಂದು ಪಕ್ಕದವರನ್ನು ಕೇಳಿದ.

ಅವರು ನಡುವಿನ ಜಾಗ ತೋರಿಸಿದರು. ಹಸಿರು ಜಮಖಾನೆ ಹಾಸಿತ್ತು. ಮೇಜು, ಮೇಜಿನ ಮೇಲೆ ಪುಸ್ತಕ.

ಧರೆಪ್ಪ ಬಹಳ ಹೊತ್ತು ನೋಡಿದ. "ಮುಚ್ಚ್ಯಾರೇನ?" ಎಂದ ಮೆಲ್ಲಗೆ. ಅವರು ನಕ್ಕು, "ಅದ ಬಾವಿ ಮಾಮಾ. ಸುಮ್ಮನ ಹಂಗ ಅಂತಾರ" ಎಂದರು. ಸವಿತಾ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಪ್ರಶ್ನೆಗಳು ಶುರುವಾದವು. ನಮ್ಮದು ಏಳನೆಯದು. ನಾಲ್ಕನೆಯದು ಮುಗಿಯುತ್ತಿದ್ದಂತೆ ಯಾವುದೋ ಮಾತಿಗೆ ಗದ್ದಲ ಎದ್ದಿತು. ಆ ಗದ್ದಲದಲ್ಲಿ ನಮ್ಮ ಕಡೆಯ ಯಾವ ಮಾತೂ ಇರಲಿಲ್ಲ. ಯಾರು ಯಾರ ಖುರ್ಚಿ ಎಳೆದರು ಎನ್ನುವ ಜಗಳ. ನಮ್ಮ ಆಮದಾರರ ಪಾರ್ಟಿಯ ನಾಯಕರು ಎದ್ದು ಕೈ ಬೀಸಿದರು. ಹಿಂದಿನ ಸಾಲಿನವರೆಲ್ಲ ಎದ್ದು ಆ ಜಮಖಾನೆಯ ಮೇಲೆ ಬಂದು ನಿಂತರು. ನಮ್ಮ ಆಮದಾರರೂ ಬಂದರು. ಬಿಳಿ ಅಂಗಿ ಹಾಗೇ ಬಿಳಿಯಾಗಿತ್ತು.

ಸಭಾಧ್ಯಕ್ಷರು ಗದ್ದಲದಲ್ಲೇ ನಂಬರು ಕರೆಯುತ್ತ ಹೋದರು. ಐದು. ಆರು. ಏಳು. ನಮ್ಮ ಆಮದಾರರ ಹೆಸರು ಕರೆದರು. ಅವರು ತಮ್ಮ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿದ್ದರು. ಹತ್ತೇ ಹೆಜ್ಜೆ. ಹೋಗಿ ಮೈಕಿನ ಮುಂದೆ ನಿಂತಿದ್ದರೆ ಆಗುತ್ತಿತ್ತು. ಅವರಿಗೂ ಕೇಳಿಸಿತು, ತಿರುಗಿದ್ದನ್ನು ನಾನು ನೋಡಿದೆ. ತಿರುಗಿ ತಮ್ಮ ನಾಯಕರ ಮುಖ ನೋಡಿದರು. ನಾಯಕರು ಬೇಡವೆಂದು ತಲೆ ಅಲ್ಲಾಡಿಸಿದರು. ಆಮದಾರರು ನಿಂತಲ್ಲೇ ನಿಂತು ಮತ್ತೆ ಘೋಷಣೆ ಕೂಗಿದರು.

ಆಗ ಧರೆಪ್ಪ ಎದ್ದ. ಜೀವನದಲ್ಲಿ ಮೊದಲ ಸಲ ಅವನು ಕೆಳಗೆ ನೋಡಿ ಮಾತಾಡಿದ.

"ಸಾಹೇಬ್ರ!... ಮ್ಯಾಲ!... ಬರ್ರಿ!... ನಂಬರ!... ಕರದಾರ!"

ಒಂದೊಂದೇ ಶಬ್ದ. ಅಷ್ಟು ಮಂದಿ ಒಟ್ಟಿಗೆ ಕೂಗುತ್ತಿದ್ದರಲ್ಲ, ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಧರೆಪ್ಪನ ಐದೂ ಶಬ್ದಗಳು ಆ ಸಭೆಯ ತಳ ಮುಟ್ಟಿದವು. ಒಂದು ಗಳಿಗೆ ಎಲ್ಲರೂ ಸುಮ್ಮನಾಗಿ ಮೇಲೆ ನೋಡಿದರು. ಆಮದಾರರೂ ನೋಡಿದರು, ಗುರುತು ಹಿಡಿದರು, ಕತ್ತು ಕೆಳಗೆ ಹಾಕಿದರು.

ಅಷ್ಟರಲ್ಲಿ ಸಮವಸ್ತ್ರದವರು ಬಂದು ಅವನ ಎರಡೂ ರೆಟ್ಟೆ ಹಿಡಿದು ಹೊರಗೆ ತಂದರು. ಕುಂಟುವ ಕಾಲು ನೆಲದ ಮೇಲೆ ಎಳೆಯುತ್ತಿತ್ತು. "ನಮ್ಮ ಕಾಕಾನ್ನ ಬಿಡ್ರಿ!" ಎಂದು ಸವಿತಾ ಅಳುತ್ತ ಹಿಂದೆ ಓಡಿದಳು. ನಮ್ಮ ಹಿಂದೆ ಎಂಟನೆಯ ನಂಬರು ಕರೆದದ್ದು ಕೇಳಿಸಿತು.

ಗೇಟಿನ ಹೊರಗೆ ಗಿಡದ ನೆರಳಿನಲ್ಲಿ ಕುಂತೆವು. ಮಧ್ಯಾಹ್ನವಾಗಿತ್ತು. ನಾನು ಬುತ್ತಿ ಬಿಚ್ಚಲು ಹೋದರೆ ಧರೆಪ್ಪ ಕೈ ಅಡ್ಡ ಹಿಡಿದ.

"ಆಮದಾರ್ರು ಇನ್ನ ಬಾವ್ಯಾಗ ಅದಾರ್ರಿ ವೈನಿ."

"ಅದು ಬಾವಿ ಅಲ್ಲೋ ಧರೆಪ್ಪಾ. ಕಣ್ಣಾರೆ ನೋಡಿದೆಲ್ಲೋ!"

"ಬಾವಿ ಅಂದ್ರು, ಇಳದ್ರು. ಮ್ಯಾಲ ಬರ್ಲಿ. ಬಂದಮ್ಯಾಲ ಉಣ್ಣೂಣು."

ಎರಡು ತಾಸು ಕಾದೆವು. ಸವಿತಾ ಹಸಿದು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಕಡೆಗೆ ಅರ್ಜಿಯ ಕೆಲಸ ನೋಡುತ್ತಿದ್ದ ಆಮದಾರರ ಮನುಷ್ಯ ಹಲ್ಲುಕಡ್ಡಿ ಕಡಿಯುತ್ತ ಹೊರಗೆ ಬಂದ. ನಮ್ಮನ್ನು ನೋಡಿ ಒಂದು ಕಾಗದ ಕೊಟ್ಟ. "ಉತ್ತರ ಲಿಖಿತದಾಗ ಬಂದೈತಿ, ಯಾಕ ಚಿಂತಿ ಮಾಡತೀರಿ? ಇದ ಇಟಗೊಳ್ರಿ."

"ಸಾಹೇಬ್ರು ಮ್ಯಾಲ ಬಂದ್ರ?" ಎಂದು ಕೇಳಿದ ಧರೆಪ್ಪ.

"ಯಾವಾಗ್ಲೋ ಬಂದ್ರು. ಎಲ್ಲಾರ್ದೂ ಊಟ ಆತಲ್ಲ. ಎರಡೂ ಪಾರ್ಟಿಯವ್ರು ಕೂಡೇ ಕುಂತಿದ್ರು. ಬಾಸುಂದಿ ಇತ್ತು ಇವತ್ತ."

ಸವಿತಾ ಕಾಗದ ಓದಿದಳು. ಪ್ರೌಢಶಾಲೆ ತೆರೆಯುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ. ಅಷ್ಟೇ. "ಪರಿಶೀಲನೆ ಅಂದ್ರ ಏನ?" ಎಂದ ಧರೆಪ್ಪ. "ನೋಡಾಕತ್ತಾರಂತ ಕಾಕಾ" ಎಂದಳು. ಅವನು ತಾನೇ ಬುತ್ತಿಯ ಗಂಟು ಬಿಚ್ಚಿ ಮೊದಲ ರೊಟ್ಟಿ ಅವಳ ಕೈಗೆ ಕೊಟ್ಟ. "ಉಣ್ಣವ್ವಾ. ಅವ್ರು ಇಳದೂ ಇಲ್ಲ, ಏರೂ ಇಲ್ಲ."

ಆಮೇಲೆ ಮೆಲ್ಲಗೆ, ಮೇಲೂ ನೋಡದೆ ಕೆಳಗೂ ನೋಡದೆ, ನನಗೆ ಹೇಳಿದ: "ಹಗ್ಗ ಆ ನಾಯಕನ ಕೈಯಾಗಿತ್ತರಿ ವೈನಿ. ನಾ ಕೊಟ್ಟಿದ್ದಲ್ಲ, ಬ್ಯಾರೆ ಹಗ್ಗ."

ಕೊಟ್ಟ ಹಗ್ಗವನ್ನು ಅವನು ಬಿಡಲಿಲ್ಲ. ಮುಂದಿನ ಸೋಮವಾರ ಒಬ್ಬನೇ ಕುಂಟುತ್ತ ಆಮದಾರರ ಮನೆಗೆ ಹೋದ. ಅವರ ಹುಟ್ಟುಹಬ್ಬದ ದೊಡ್ಡ ಬ್ಯಾನರನ್ನು ಗೇಟಿಗೆ ಕಟ್ಟಿದ್ದರಂತೆ, ಅದೇ ಹಗ್ಗದಿಂದ. ಇವನು ಯಾರನ್ನೂ ಕೇಳದೆ ಗಂಟು ಬಿಚ್ಚಿದ. ಆಮದಾರರ ಮುಖ ಮಡಚಿಕೊಂಡು ಗಟಾರದ ಪಕ್ಕಕ್ಕೆ ಬಿದ್ದಿತು. ಕಾವಲುಗಾರ ಬೈದರೆ, "ಇದ ಬಾವಿ ಹಗ್ಗ. ಬಾವಿಗೆ ಇಳಿಯೋರಿಗೆ ಬೇಕು" ಎಂದು ಹೇಳಿ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದನಂತೆ. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಸವಿತಾ ನಗಲಿಲ್ಲ. ಅವಳಿಗೆ ಹದಿನೆಂಟಾದಾಗ ಮದುವೆ ಮಾಡಿದೆವು. ಎಂಟನೆಯತ್ತೆಯ ಪುಸ್ತಕ ಅವಳ ಟ್ರಂಕಿನಲ್ಲೇ ಗಂಡನ ಮನೆಗೆ ಹೋಯಿತು.

ಧರೆಪ್ಪನನ್ನು ಕಡೆಯ ಸಲ ನೋಡಿದ್ದು ಅವನ ಮನೆಯ ಪಡಸಾಲೆಯಲ್ಲಿ. ಉಸಿರು ಸಣ್ಣದಾಗಿತ್ತು. ಪೂಜಾಳನ್ನು ಕರೆದುಕೊಂಡು ಹೋಗಿದ್ದೆ. ಮಲಗಿದ್ದನಲ್ಲ, ಈಗ ಮೇಲೆ ನೋಡುವುದು ಅವನಿಗೆ ಸಲೀಸಾಗಿತ್ತು.

"ಎಷ್ಟನೇತ್ತಾ?"

"ನಾಕನೇತ್ತಾ, ಕಾಕಾ."

"ಸಾಲಿ... ಬಂತೇನ?"

"ಇನ್ನ ಇಲ್ಲೋ ಧರೆಪ್ಪಾ" ಎಂದೆ ನಾನು. "ಪರಿಶೀಲನೆದಾಗ ಐತಿ."

ಅವನ ಎದೆ ಅಲ್ಲಾಡಿತು. ನಕ್ಕನೆಂದು ಆಮೇಲೆ ತಿಳಿಯಿತು. ತಲೆದಿಂಬಿನ ಕಡೆ ಕೈ ಮಾಡಿದ. ದಿಂಬಿನ ಬದಲು ಆ ಹಗ್ಗದ ಸುರುಳಿಯ ಮೇಲೆ ತಲೆ ಇಟ್ಟಿದ್ದ. "ನೀವ... ಒಯ್ಯಿರಿ" ಎಂದ. ನಾನು ಅವತ್ತು ಒಯ್ಯಲಿಲ್ಲ. ಮೂರನೆಯ ದಿನ ಅವನ ಸೊಸೆಯೇ ತಂದುಕೊಟ್ಟಳು.

ಸಾಲಿ ಬಂದದ್ದು ಅವನು ಹೋಗಿ ಮೂರು ವರ್ಷಕ್ಕೆ. ಉದ್ಘಾಟನೆಗೆ ಅದೇ ಆಮದಾರರು. ಆ ಹೊತ್ತಿಗೆ ಪಾರ್ಟಿ ಬದಲಾಗಿತ್ತು, ನಾಯಕರೂ ಬದಲಾಗಿದ್ದರು, ಅಂಗಿ ಮಾತ್ರ ಅದೇ ಬಿಳಿ. ಮೈಕು ಹಿಡಿದು, "ನಿಮ್ಮ ಹೆಣ್ಣುಮಕ್ಕಳ ಸಾಲಿಗಾಗಿ ನಾನು ಸದನದ ಬಾವಿಗೆ ಇಳದೀನಿ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ಸವಿತಾ ಕಂಕುಳಲ್ಲಿ ಕೂಸು ಹೊತ್ತು ನನ್ನ ಪಕ್ಕ ನಿಂತಿದ್ದಳು. "ಇಳದಿದ್ದು ಖರೇ ಆಯಿ" ಎಂದಳು. "ನಾ ನೋಡೀನಿ." ಗೋಡೆಯ ಕಲ್ಲಿನ ಮೇಲೆ ಒಂಬತ್ತು ಹೆಸರು ಕೆತ್ತಿಸಿದ್ದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಎಲ್ಲ ಓದಿದೆ. ಧರೆಪ್ಪನ ಹೆಸರು ಇರಲಿಲ್ಲ, ಇರುವುದಿಲ್ಲವೆಂದು ಗೊತ್ತಿದ್ದೂ ಓದಿದೆ.

ಇವತ್ತು ಸಂಜೆ ಎಲ್ಲರೂ ಕೂಡಿದೆವು. ಸವಿತಾ ಗಂಡನ ಮನೆಯಿಂದ ಮಕ್ಕಳನ್ನು ಕರೆದುಕೊಂಡು ಬಂದು ಮಧ್ಯಾಹ್ನದಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಮಗ, ಸೊಸೆ, ಸವಿತಾಳ ಗಂಡ, ಮಕ್ಕಳು ಎಲ್ಲ ಸಾಲಾಗಿ ಕುಂತರು. ಪೂಜಾಳನ್ನು ನಡುವೆ ಕೂಡಿಸಿ ಕುಂಕುಮ ಹಚ್ಚಿದೆ.

"ಗಣಿತಕ್ಕ ಎಷ್ಟ ಬಂತ ಪೂಜಾ?" ಎಂದು ಸವಿತಾ ಒಳಗಿನಿಂದ ಕೇಳಿದಳು.

"ಎಂಬತ್ತೊಂದ ಅಕ್ಕಾ."

"ನನಗ ತೊಂಬತ್ತಾರ ಇತ್ತ" ಎಂದಳು. ಹೋಳಿಗೆ ಬಡಿಯುವ ಸಪ್ಪಳ ನಿಲ್ಲಲಿಲ್ಲ. "ಏಳನೇತ್ತದಾಗ."

 ಅವಳ ಗಂಡ ತಾಟಿನ ಕಡೆ ನೋಡಿದ. ನನ್ನ ಮಗ ಹೋಳಿಗೆ ಮುರಿಯಲು ಕೈ ಹಾಕಿದ್ದವನು ಹಾಗೇ ತಡೆದ.

"ಕೈ ತಗಿ" ಎಂದೆ ನಾನು. "ಯಾರೂ ಮುರೀಬ್ಯಾಡ್ರಿ. ಕಡೇದಾಕಿ ಇನ್ನ ಬಂದಿಲ್ಲ."

ಗೂಟದಲ್ಲಿ ಆ ಹಗ್ಗ ಇತ್ತು, ಬಣ್ಣಗೆಟ್ಟು ಕಪ್ಪಾಗಿತ್ತು. ನಾನು ಅಡುಗೆಮನೆಯ ಕಡೆ ತಿರುಗಿ, ಕತ್ತು ಎತ್ತಿ, ಧರೆಪ್ಪನ ಹಾಗೆಯೇ ಕೂಗಿದೆ.

"ಸವಿತಾ!... ಮ್ಯಾಲ!... ಬಾ!"

ಅಲ್ಲಿ ಹಂಚು ಇಳಿಸಿದ ಸಪ್ಪಳವಾಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅವಳು ಬಂದು ತಂಗಿಯ ಪಕ್ಕ ಕುಂತಳು. ಆಮೇಲೆ ಎಲ್ಲರೂ ಉಂಡೆವು.